ಸತು, ತಾಮ್ರ ಮತ್ತು ನಮ್ಮತ್ತೆಯ ಗಡಿಯಾರ

ಸುಳ್ಳಿಗೂ ಉಪ್ಪಿನಕಾಯಿಗೂ ಒಂದು ಹೋಲಿಕೆಯಿದೆ. ಹಾಕಿದ ಹೊಸತರಲ್ಲಿ ಜೀವ ಪುಕುಪುಕು ಅನ್ನುತ್ತಿರುತ್ತದೆ. ಉಪ್ಪು ಸಾಲದೇನೋ, ಬೂಷ್ಟು ಬಂದೀತೇನೋ ಅಂತ ದಿನಕ್ಕೆರಡು ಸಲ ಮುಚ್ಚಳ ತೆಗೆದು ನೋಡುತ್ತೇವೆ. ನಾಲ್ಕು ವರ್ಷ ಕಳೆದರೆ ಅದರ ಪಾಡಿಗೆ ಅದು ಮಾಗುತ್ತದೆ, ಬಂದವರಿಗೆಲ್ಲ ಧೈರ್ಯವಾಗಿ ಬಡಿಸಬಹುದು. ನನ್ನ ಹತ್ತಿರ ಹಾಗೆ ಇಪ್ಪತ್ತೈದು ವರ್ಷ ಮಾಗಿದ್ದು ಒಂದಿತ್ತು. "ನಾನು ಪಿಯುಸಿ ಸೈನ್ಸ್ ಮುಗಿಸಿದ್ದೆ ಕಣ್ರೀ. ನಮ್ಮಪ್ಪ ಮದುವೆ ಅಂತ ಅವಸರ ಮಾಡದೇ ಇದ್ದಿದ್ರೆ ಇಷ್ಟೊತ್ತಿಗೆ ಕೆಮಿಸ್ಟ್ರಿ ಲೆಕ್ಚರರ್ ಆಗಿರ್ತಿದ್ದೆ." ಇದನ್ನು ನೆಂಟರಿಗೆ, ಡೈರಿಗೆ ಹಾಲು ಹಾಕಲು ಬಂದವರಿಗೆ, ಒಂದು ಸಲ ನೊಣವಿನಕೆರೆ ಬಸ್ಸಿನಲ್ಲಿ ಪಕ್ಕ ಕೂತಿದ್ದ ಗುರುತಿಲ್ಲದ ಹೆಂಗಸಿಗೂ ಬಡಿಸಿದ್ದೇನೆ. ನಿಜ ಏನೆಂದರೆ ಕೆಮಿಸ್ಟ್ರಿಯಲ್ಲಿ ನನಗೆ ನೂರಕ್ಕೆ ಇಪ್ಪತ್ತೆಂಟು ಬಂದಿತ್ತು. ಅದಕ್ಕಿಂತ ನಾಚಿಕೆಯ ನಿಜ ಇನ್ನೊಂದಿದೆ. ಮತ್ತೆ ಕಟ್ಟಲಿ ಅಂತ ಅಪ್ಪ ತಂದುಕೊಟ್ಟ ಅರ್ಜಿಯನ್ನು ಹೊಲಿಗೆ ಮಿಷನ್ನಿನ ಡ್ರಾಯರಿಗೆ ಹಾಕಿ, ಕೊನೆಯ ದಿನ ದಾಟುವ ತನಕ ದಿಂಬಿನ ಕವರು ಹೊಲಿಯುತ್ತ ಕೂತುಬಿಟ್ಟೆ. ಮದುವೆ ಗೊತ್ತಾಗಿದ್ದು ಅದಾದ ಮೂರು ವರ್ಷಕ್ಕೆ.

ಆ ಅಂಕಪಟ್ಟಿಯನ್ನು ಸುಡಬೇಕಿತ್ತು. ಆದರೆ ಅದರಲ್ಲೇ ಕನ್ನಡಕ್ಕೆ ಎಂಬತ್ತಾರು ಅಂತಲೂ ಇತ್ತು, ಸುಡಲು ಮನಸ್ಸು ಬರಲಿಲ್ಲ. ತವರಿನ ಟ್ರಂಕಿನ ತಳದಲ್ಲಿ, ಧಾರೆ ಸೀರೆಯ ಕೆಳಗಿಟ್ಟು ತಂದೆ. ಮದುವೆಯಾದ ವರ್ಷದೊಳಗೇ ಅದು ಕಾಣೆಯಾಯಿತು. ಟ್ರಂಕು ಬೋರಲು ಹಾಕಿ ಹುಡುಕಿದೆ. ಜಿರಲೆ ತಿಂದಿರಬೇಕು ಅಂದುಕೊಂಡು ಜಿರಲೆಗೆ ಮನಸ್ಸಿನಲ್ಲೇ ಕೈಮುಗಿದೆ.

ನಮ್ಮತ್ತೆಯ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಅವರು ಅಕ್ಷರ ಕಲಿತವರಲ್ಲ, ಅಂಕಿ ಮಾತ್ರ ಚೆನ್ನಾಗಿ ಬಲ್ಲವರು. ನಮ್ಮ ಕಡೆ ಗೊತ್ತಲ್ಲ, ಕೊಬ್ಬರಿಗೆ ಬಿಟ್ಟ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಒಂದು ವರ್ಷ ಅದನ್ನು ಮುಟ್ಟುವ ಹಾಗಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಅತ್ತೆ ನೂರು ಕಾಯಿಗೊಂದರಂತೆ ತೊಲೆಯ ಮೇಲೆ ವಿಭೂತಿಯ ಗೆರೆ ಎಳೆಯುತ್ತಿದ್ದರು, ಒಂದೂ ತಪ್ಪುತ್ತಿರಲಿಲ್ಲ. "ಹೊತ್ತು ನೆತ್ತಿ ಮ್ಯಾಲಿರುವಾಗ ಅಟ್ಟ ಹತ್ತಬ್ಯಾಡಿ, ಕಾಯಿ ಮಲಗಿರ್ತವೆ" ಅನ್ನುವುದು ಅವರ ಕಟ್ಟಪ್ಪಣೆ. ನಾನು ಲೆಕ್ಚರರ್ ಆಗುತ್ತಿದ್ದ ಕತೆಯನ್ನು ಯಾರಿಗಾದರೂ ಶುರು ಮಾಡಿದರೆ ಅವರೊಂದು ವಿಚಿತ್ರ ಮಾಡುತ್ತಿದ್ದರು. ಅಡಿಕೆ ಕತ್ತರಿಸುವುದು ನಿಲ್ಲಿಸಿ, ಗೋಡೆಯ ಮೇಲಿದ್ದ ಗಡಿಯಾರದ ಕಡೆ ನೋಡಿ, "ಹೂಂ ಕಣವ್ವ. ಗಡಿಯಾರ ನೆಟ್ಟಗದೆ ನೋಡು" ಅನ್ನುತ್ತಿದ್ದರು. ಅದು ನನ್ನ ಮದುವೆಗೆ ಮುಯ್ಯಿ ಬಂದ ಗಡಿಯಾರ. ಗೋಡೆ ಉಬ್ಬುತಗ್ಗು, ಮೊದಮೊದಲು ಎಡಕ್ಕೆ ವಾಲುತ್ತಿತ್ತು, ಆಮೇಲೆ ಅತ್ತೆಯೇ ಏನೋ ಮಾಡಿ ಸರಿ ಮಾಡಿದ್ದರು. ವಯಸ್ಸಾದವರು, ಮಾತಿಗೆ ಮಾತು ಹೊಂದುವುದಿಲ್ಲ ಅಂತ ನಾನು ಸುಮ್ಮನಾಗುತ್ತಿದ್ದೆ. ಅವರು ತೀರಿಕೊಂಡಾಗ ನನ್ನ ಮಗಳು ಸಿಂಚನಳಿಗೆ ಒಂದೂವರೆ ವರ್ಷ. ಅದೇ ವಾರ ಗಡಿಯಾರವೂ ನಿಂತಿತು. ಹಳೇ ಸೆಲ್ಲು ಸೋರಿ ಬೆಳ್ಳಗೆ ಪುಡಿ ಬಂದಿತ್ತು. ನಮ್ಮ ಮನೆಯವರು ಸೆಲ್ಲು ಬಿಸಾಡಿ, "ಅವ್ವನ ಗಡಿಯಾರ, ಇರಲಿ" ಅಂತ ಅದನ್ನು ಅಟ್ಟಕ್ಕೆ ಹಾಕಿದರು. ಅಲ್ಲಿಗೆ ಹದಿನಾರು ವರ್ಷ ಅದರ ಸುದ್ದಿಯಿಲ್ಲ.

ಈ ವರ್ಷ ಸಿಂಚನ ಸೆಕೆಂಡ್ ಪಿಯುಸಿ ಬರೆದಳು. ಎಲ್ಲದರಲ್ಲೂ ಪಾಸು, ಕೆಮಿಸ್ಟ್ರಿಯಲ್ಲಿ ಹೋಯಿತು. ಫಲಿತಾಂಶದ ದಿನ ಮೊಬೈಲು ನನ್ನ ಕೈಗೆ ಕೊಟ್ಟು, "ನಾನು ಮತ್ತೆ ಬರೆಯಲ್ಲಮ್ಮ" ಅಂದಳು. ಆ ಧ್ವನಿ ಕೇಳಿ ಹೊಲಿಗೆ ಮಿಷನ್ನಿನ ಡ್ರಾಯರು ಎಲ್ಲೋ ಸದ್ದಿಲ್ಲದೆ ಮುಚ್ಚಿಕೊಂಡ ಹಾಗಾಯಿತು. ಈಗ ಸಪ್ಲಿಮೆಂಟರಿ ಅನ್ನುವುದಿಲ್ಲವಂತೆ, ಪರೀಕ್ಷೆ ಎರಡು ಅನ್ನುತ್ತಾರಂತೆ. ಹೆಸರು ಏನಾದರೂ ಇರಲಿ, ಇವಳು ಕೂರದಿದ್ದರೆ ಮುಂದೆ ಇವಳೂ ಬಸ್ಸಿನಲ್ಲಿ ಗುರುತಿಲ್ಲದವರಿಗೆ ಉಪ್ಪಿನಕಾಯಿ ಬಡಿಸುತ್ತ ತಿರುಗಬೇಕಾಗುತ್ತದೆ. ಅದೊಂದು ಆಗಬಾರದು ಅಂತ ನಾನೇ ತಿಪಟೂರಿಗೆ ಹೋಗಿ ಅರ್ಜಿ ಕೊಡಿಸಿ ಬಂದೆ. "ನಿನಗೆ ನಾನು ಹೇಳಿಕೊಡ್ತೀನಿ. ಪಿಯುಸಿ ಸೈನ್ಸ್ ಮುಗಿಸಿದವಳು ನಾನು" ಅಂದೆ. ಬಡಿಸಿದ್ದು ನನ್ನ ತಟ್ಟೆಗೇ ಬಿತ್ತು.

ಹೀಗೆ ಬಿರುಬೇಸಿಗೆಯಲ್ಲಿ, ದಿನಾ ಮಧ್ಯಾಹ್ನ ಎರಡರಿಂದ ನಾಲ್ಕು, ಅಟ್ಟದ ಕೆಳಗಿನ ನಡುಮನೆಯಲ್ಲಿ ಚಾಪೆ ಹಾಸಿ ನಮ್ಮ ಪಾಠ. ಮೊದಲ ವಾರ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಎಲೆಕ್ಟ್ರಾನು ಕಳೆದುಕೊಂಡರೆ ಆಕ್ಸಿಡೇಶನ್, ಪಡೆದುಕೊಂಡರೆ ರಿಡಕ್ಷನ್. ಅಲ್ಲಿಗೆ ನಾನು ಗಟ್ಟಿ. ಪರ್ಮ್ಯಾಂಗನೇಟು, ಕಬ್ಬಿಣದ ಸಮೀಕರಣ ಸರಿದೂಗದೆ ಅವಳು ಪೆನ್ಸಿಲ್ ಕಚ್ಚುತ್ತಿದ್ದಾಗ, "ನೋಡೇ, ಮ್ಯಾಂಗನೀಸು ಏಳರಿಂದ ಎರಡಕ್ಕೆ ಇಳೀಬೇಕು, ಅಂದ್ರೆ ಐದು ಎಲೆಕ್ಟ್ರಾನು ನುಂಗಬೇಕು. ಅದು ಐದು ಹೋಳಿಗೆ ತಿನ್ನೋ ನೆಂಟ. ಕಬ್ಬಿಣ ಬಡವರ ಮನೆ, ಮನೆಗೆ ಒಂದೇ ಹೋಳಿಗೆ. ನೆಂಟನ ಹೊಟ್ಟೆ ತುಂಬಬೇಕಾದ್ರೆ ಎಷ್ಟು ಮನೆ ಬೇಕು?" ಅಂದೆ. "ಐದು" ಅಂದಳು. "ಬರಿ ಹಂಗಾದ್ರೆ, ಐದು ಎಫ್‌ಇ." ಅವಳು ಮೊದಲ ಸಲ ನಕ್ಕಳು. ನನಗಂತೂ ಕುರ್ಚಿ ಇಲ್ಲದೆಯೇ ಲೆಕ್ಚರರ್ ಆದ ಹಾಗಾಯಿತು.

ಕೆಟ್ಟದ್ದು ಸೆಲ್ಲಿನ ಲೆಕ್ಕ ಬಂದಾಗ. ಸತುವಿನ ಸರಳು ಒಂದು, ತಾಮ್ರದ ಸರಳು ಒಂದು, ಯಾವುದು ಆನೋಡು, ಯಾವುದು ಕ್ಯಾಥೋಡು, ಎಷ್ಟು ವೋಲ್ಟು? "ಆನೋಡು ಅಂದ್ರೆ ಪ್ಲಸ್ಸು ಕಣೇ. ಚಮಚಕ್ಕೆ ಬೆಳ್ಳಿ ನೀರು ಕುಡಿಸೋ ಚಿತ್ರ ನನ್ನ ಕಣ್ಣಿಗೆ ಕಟ್ಟಿದೆ. ಪ್ಲಸ್ಸು ತಾಮ್ರ, ಹಂಗಾಗಿ ತಾಮ್ರವೇ ಆನೋಡು" ಅಂದೆ. ಅವಳು ಕ್ಯಾಥೋಡಿನ ವೋಲ್ಟಿನಲ್ಲಿ ಆನೋಡಿನದು ಕಳೆದಳು. "ಅಮ್ಮ, ಮೈನಸ್ ಒಂದು ಪಾಯಿಂಟ್ ಒಂದು ಸೊನ್ನೆ ಬಂತು." "ಬರಲಿ ಬಿಡು, ಆ ಅಡ್ಡಗೆರೆ ಅಳಿಸು. ಅಂಕಿ ಸರಿ ಇದೆಯಲ್ಲ?" ಅವಳು ನನ್ನನ್ನೇ ನೋಡಿದಳು. ಅರೆಗಣ್ಣು, ತುಟಿಯ ಒಂದು ಮೂಲೆ ಕೆಳಗೆ. ಆ ನೋಟವನ್ನು ನಾನು ಎಲ್ಲಿಯೋ ಕಂಡಿದ್ದೆ. ಅಡಿಕೆ ಕತ್ತರಿಯ ಹಿಂದೆ.

ಇದಾಗಿ ಎರಡು ದಿನಕ್ಕೆ ಶುರುವಾಯಿತು. ನನಗೆ ಕ್ಯಾಲೆಂಡರಿನಲ್ಲಿ ಬರೆದಿಡುವ ಅಭ್ಯಾಸ. ಸಿಲಿಂಡರು ಹಚ್ಚಿದ ದಿನ, ಹಸು ಬೆದೆಗೆ ಬಂದ ದಿನ, ಕರೆಂಟು ಹೋದ ಹೊತ್ತು. ಆ ಮಂಗಳವಾರದ ಚೌಕದಲ್ಲಿ ಹೀಗಿದೆ: "2-20ಕ್ಕೆ ಕರೆಂಟು ಹೋಯ್ತು. ಮೇಲೆ ಟಿಕ್ ಟಿಕ್." ಫ್ಯಾನಿನ ರೆಕ್ಕೆ ನಿಧಾನವಾಗಿ ನಿಂತು, ಹೊರಗೆ ತೋಟದಲ್ಲಿ ಗರಿಯೂ ಅಲ್ಲಾಡದೆ, ನಾಯಿಯೂ ನೆರಳು ಹಿಡಿದು ಮಲಗಿ, ಊರಿಗೆ ಊರೇ ಉಸಿರು ಹಿಡಿದ ಹೊತ್ತು. ಅಟ್ಟದ ಹಲಗೆಯ ಆಚೆಯಿಂದ ಸಣ್ಣಗೆ, ಕೊಂಚವೂ ಅವಸರವಿಲ್ಲದೆ, ಟಿಕ್, ಟಿಕ್, ಟಿಕ್. ಕೊಬ್ಬರಿ ಚಿಪ್ಪು ಬಿಡುವಾಗ ಸದ್ದಾಗುತ್ತದೆ, ನನಗೆ ಗೊತ್ತು. ಆದರೆ ಕೊಬ್ಬರಿ ಎಂದಾದರೂ ಸೆಕೆಂಡು ಎಣಿಸುತ್ತದೆಯೇ? "ಏನೇ ಅದು?" ಅಂದೆ. "ಯಾವುದಮ್ಮ?" ಅಂದಳು ಸಿಂಚನ, ಪುಸ್ತಕದಿಂದ ತಲೆಯೆತ್ತದೆ. ಕರೆಂಟು ಬಂತು, ಫ್ಯಾನು ತಿರುಗಿತು, ಸದ್ದು ಅದರಲ್ಲಿ ಮುಳುಗಿತು. ನಾನು ಆಗ ಮತ್ತೆ ತಾಮ್ರವೇ ಆನೋಡು ಅಂತ ಗಟ್ಟಿಯಾಗಿ ಹೇಳಿ ಪಾಠ ಮುಗಿಸಿದೆ. ಬುಧವಾರ: "1-50ಕ್ಕೆ ಹೋಯ್ತು. ಸದ್ದಿಲ್ಲ." ಗುರುವಾರ: "2-35. ಮತ್ತೆ ಟಿಕ್ ಟಿಕ್." ನಾನು ಘಂಟಾಘೋಷವಾಗಿ ಪಾಠ ಹೇಳಿದ ಮಾರನೇ ದಿನ ಮೇಲಿನವರು ಮುನಿಸಿಕೊಂಡು ಸುಮ್ಮನಾಗುವುದು, ಒಂದು ದಿನ ಬಿಟ್ಟು ಮತ್ತೆ ಶುರುವಾಗುವುದು.

ಪಕ್ಕದ ಮನೆಯ ಗೌರಮ್ಮಕ್ಕನಿಗೆ ಹೇಳಿದೆ. ಆಕೆ ಬೇಲಿಯ ಆಚೆಯಿಂದಲೇ ನಮ್ಮ ಅಟ್ಟದ ಗವಾಕ್ಷಿ ನೋಡಿ ಸೆರಗು ಹೊದ್ದುಕೊಂಡರು. "ಇನ್ಯಾರು ಕಣವ್ವ, ನಿಮ್ಮತ್ತೇನೇ. ಮೊಮ್ಮಗಳು ಫೇಲಾದ್ಲು ಅಂತ ಜೀವ ತಡೀನಾರ್ದೆ ಬಂದವ್ರೆ. ಆಯಮ್ಮಂಗೆ ಕಾಯಿ ಹೋಳಿಗೆ ಅಂದ್ರೆ ಪ್ರಾಣ, ಎರಡು ಮಾಡಿ ಏಣಿ ತಾವ ಇಕ್ಕು." ನಾನು ಕೆಮಿಸ್ಟ್ರಿ ಹೇಳಿಕೊಡುವವಳು, ಇಂಥದ್ದನ್ನೆಲ್ಲ ನಂಬಬಾರದು. ಹಾಗಾಗಿ ಎರಡರ ಬದಲು ನಾಲ್ಕು ಇಟ್ಟೆ. ಹಸುವಿಗೆ ನೀರು ಕುಡಿಸಿ ಬರುವಷ್ಟರಲ್ಲಿ ತಟ್ಟೆ ಖಾಲಿ. ತೊಳೆದಿಟ್ಟ ಹಾಗೆ ಖಾಲಿ. ಬೆಕ್ಕಾಗಿದ್ದರೆ ಚೂರಾದರೂ ಬೀಳುತ್ತಿತ್ತು. ಏಣಿಯ ಮೊದಲ ಮೆಟ್ಟಿಲ ಮೇಲೆ ತುಪ್ಪದ ಒಂದು ಬೆರಳಚ್ಚು ಮಾತ್ರ ಇತ್ತು. ಅದನ್ನು ಒರೆಸಲು ಕೂಡ ನನಗೆ ಧೈರ್ಯವಾಗಲಿಲ್ಲ.

ನಮ್ಮ ಮನೆಯವರು ಇದನ್ನೆಲ್ಲ ಕೇಳಿ, "ಹೆಗ್ಗಣ ಕಣೇ, ನಿಂಗೆಲ್ಲೋ ಬಿಸಿಲು ತಲೆಗೆ ಹತ್ತಿದೆ" ಅಂತ ನಕ್ಕರು. "ಹಂಗಾದ್ರೆ ಕೂತು ಕೇಳಿ" ಅಂದೆ. ಶುಕ್ರವಾರ ಊಟವಾದ ಮೇಲೆ ಚಾಪೆಯ ಮೇಲೆ ಕಾಲು ಚಾಚಿ ಕೂತರು. ಎರಡೂವರೆಗೆ ಫ್ಯಾನು ನಿಂತಿತು. ಟಿಕ್, ಟಿಕ್, ಟಿಕ್. ಅವರ ಕೈಯಲ್ಲಿದ್ದ ಎಲೆ ಅಡಿಕೆ ಬಾಯಿಗೆ ಹೋಗದೆ ದಾರಿಯಲ್ಲೇ ನಿಂತಿತು. "ಅದು ಅವ್ವನ ಗಡಿಯಾರದ ಸದ್ದು" ಅಂದರು ಮೆಲ್ಲಗೆ. "ಅದರಾಗೆ ಸೆಲ್ಲು ಇಲ್ಲ. ನಾನೇ ತೆಗೆದಿದ್ದೆ." ಆಮೇಲೆ ಟವೆಲು ಕೊಡವಿಕೊಂಡು ಎದ್ದು, "ತೋಟದಲ್ಲಿ ಮೋಟ್ರು ಆನ್ ಮಾಡಿ ಬಂದಿದ್ದೀನಿ, ನೀರು ತಿರುಗಿಸಬೇಕು" ಅಂತ ಹೊರಟೇಬಿಟ್ಟರು. ಕರೆಂಟೇ ಇಲ್ಲದೆ ಯಾವ ಮೋಟರು ಓಡುತ್ತಿತ್ತೋ, ನಾನು ಕೇಳಲಿಲ್ಲ. ಗಂಡಸಿನ ಮರ್ಯಾದೆ ಅಂತ ಒಂದಿರುತ್ತದೆ.

ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಮನೆಯಲ್ಲಿ ಹೀಗೆ ಗಾಳಿ ಸೇರಿಕೊಂಡರೆ ಹುಡುಗಿ ಓದುವುದು ಹೇಗೆ? ಅವಳಿಗೂ ಭಯವಾಗಿ, ಅದನ್ನೇ ನೆಪ ಮಾಡಿಕೊಂಡು ಪರೀಕ್ಷೆ ಬಿಟ್ಟರೆ? ಶನಿವಾರ ಪಾಠಕ್ಕೆ ಕೂತು ಕಾಲು ಗಂಟೆಯಾಗಿರಲಿಲ್ಲ, ಕರೆಂಟು ಹೋಯಿತು, ಸದ್ದು ಶುರುವಾಯಿತು. ನಾನು ಹಣೆಗೆ ವಿಭೂತಿ ಇಟ್ಟುಕೊಂಡು ಏಣಿಗೆ ಕೈ ಹಾಕಿದೆ. "ಅಮ್ಮ, ಬೇಡಮ್ಮ, ಹೊತ್ತು ನೆತ್ತಿ ಮೇಲಿದೆ" ಅಂತ ಸಿಂಚನ ಎದ್ದುನಿಂತಳು. ಅವಳ ಮುಖ ನಿಜಕ್ಕೂ ಬಿಳಿಚಿಕೊಂಡಿತ್ತು. ಅದನ್ನು ಕಂಡೇ ನನಗೆ ಹಟ ಬಂತು.

ಮೇಲೆ ಕತ್ತಲು. ಹೆಂಚಿನ ಸಂದಿಯಿಂದ ಬಿದ್ದ ಬಿಸಿಲಿನ ಕೋಲುಗಳಲ್ಲಿ ಧೂಳು ನಿಂತಲ್ಲೇ ನಿಂತಿತ್ತು. ಒಂದು ಮಗ್ಗುಲಿಗೆ ಕಳೆದ ವರ್ಷದ ಕಾಯಿ, ಇನ್ನೊಂದು ಮಗ್ಗುಲಿಗೆ ಆಗಷ್ಟೇ ಹಾಕಿದ ಹೊಸ ಕಾಯಿ, ಸಾಲು ಸಾಲಾಗಿ, ಕಂಬಳಿ ಹೊದ್ದು ಕೂತ ಜನದ ಹಾಗೆ. ನನ್ನ ಕಾಲು ತಗುಲಿ ಒಂದು ಒಣಕಾಯಿ ಉರುಳಿ ಗುಡುಗುಡು ಅಂದಿತು. ಆಳದಲ್ಲಿ ಇನ್ನೊಂದು ಅದಕ್ಕೆ ಉತ್ತರ ಕೊಟ್ಟಿತು. ಮೂಲೆಯಲ್ಲಿ, ಗವಾಕ್ಷಿಯ ಬೆಳಕಿನಲ್ಲಿ, ತೊಲೆಗೆ ಒರಗಿಕೊಂಡು ಅತ್ತೆಯ ಗಡಿಯಾರ. ಸೆಕೆಂಡಿನ ಮುಳ್ಳು ನಡೆಯುತ್ತಿತ್ತು. ಎರಡು ಗಂಟೆ ಹತ್ತು ನಿಮಿಷ. ನನ್ನ ಕೈಗಡಿಯಾರದಲ್ಲೂ ಅಷ್ಟೇ. ಗಡಿಯಾರದ ಬೆನ್ನಿನಿಂದ ತಂತಿಗಳು ಇಳಿದು ತಲೆಯ ಸಿಪ್ಪೆ ಸುಲಿದ ಆರು ಹೊಸ ಕಾಯಿಗಳ ಕಣ್ಣುಗಳೊಳಗೆ ಹೋಗಿದ್ದವು. ಅತ್ತೆ ಕೊನೆಯ ವಾರ ಆಸ್ಪತ್ರೆಯಲ್ಲಿ ಹೀಗೇ, ಮೈತುಂಬ ನಳಿಕೆ ಹಾಕಿಸಿಕೊಂಡು ಮಲಗಿದ್ದರು. ನಾನು ಗಡಿಯಾರದ ಕಡೆ ಕೈ ಚಾಚಿದೆ.

"ಮುಟ್ಟಬೇಡಮ್ಮ, ಕನೆಕ್ಷನ್ ಲೂಸಾಗುತ್ತೆ" ಅಂದಿತು ಬೆನ್ನ ಹಿಂದಿನ ಧ್ವನಿ.

ತಿರುಗಿದರೆ ಸಿಂಚನ, ಏಣಿಯ ತುದಿಯಲ್ಲಿ ತಲೆಯಷ್ಟೇ ಕಾಣುತ್ತಿತ್ತು. ಗಡಿಯಾರವನ್ನು ಬಿಟ್ಟು ನಾನು ಮೊದಲು ಕೇಳಿದ್ದು ಕಾಯಿಯನ್ನು. "ಅಟ್ಟದ ಕಾಯಿಗೆ ತೂತು ಮಾಡಿದ್ಯೇನೇ? ಆರು ಕಾಯಿ! ತೂತು ಬಿದ್ದ ಕಾಯಿ ಕೊಬ್ಬರಿ ಆಗುತ್ತಾ? ನಿಮ್ಮಜ್ಜಿ ಇದ್ದಿದ್ರೆ ನಿನ್ನ ಚರ್ಮ ಸುಲೀತಿದ್ರು." ದೆವ್ವದ ಭಯ ಹೋಗಿ ಕೊಬ್ಬರಿಯ ಸಂಕಟ ಬಂದಿದ್ದಕ್ಕೆ ನನಗೇ ಆಶ್ಚರ್ಯವಾಯಿತು.

"ನೀನು ಡೈರಿಗೆ ಹೋದಾಗ ಹತ್ತಿ ಮಾಡ್ತಿದ್ದೆ. ಎಷ್ಟು ದಿನ ನಡೆಯುತ್ತೆ ನೋಡೋಣ ಅಂತ ಬಿಟ್ಟಿದ್ದೆ" ಅಂದಳು. "ಒಂದೊಂದು ಕಾಯಿಗೂ ಒಂದು ಜಿಂಕ್ ಶೀಟಿನ ಪಟ್ಟಿ, ಒಂದು ತಾಮ್ರದ ತಂತಿ. ಅಪ್ಪ ಮೋಟ್ರು ರಿವೈಂಡಿಂಗ್ ಮಾಡಿಸಿದಾಗ ಉಳಿದಿತ್ತಲ್ಲ, ಅದೇ. ಕಾಯಿ ನೀರೇ ಸೆಲ್ಲಿನ ನೀರು."

"ಯಾಕೆ ಬೇಕಿತ್ತು ಇದು?"

"ನೀನು ತಾಮ್ರ ಆನೋಡು ಅಂದ್ಯಲ್ಲಮ್ಮ. ಪುಸ್ತಕ ಬೇರೆ ಹೇಳ್ತು. ಇಬ್ಬರಲ್ಲಿ ಯಾರು ಸುಳ್ಳು ಅಂತ ಯಾರನ್ನ ಕೇಳಲಿ? ಗಡಿಯಾರಾನೇ ಕೇಳಿದೆ." ಮೊದಲು ಪುಸ್ತಕದಲ್ಲಿದ್ದ ಹಾಗೆ ತಂತಿ ಕೊಟ್ಟಳಂತೆ, ನಡೆಯಿತಂತೆ. ನಾನು ಅಷ್ಟು ಗಟ್ಟಿಯಾಗಿ ಹೇಳಿದ್ದರಿಂದ ಅನುಮಾನ ಬಂದು ಮಾರನೇ ದಿನ ನಾನು ಹೇಳಿದ ಹಾಗೆ ಕೊಟ್ಟಳಂತೆ, ನಿಂತಿತಂತೆ. ನನ್ನ ಕ್ಯಾಲೆಂಡರಿನ ಬುಧವಾರ ನೆನಪಾಯಿತು. ಅವಳು ತಂತಿ ಅದಲುಬದಲು ಮಾಡಿ ತೋರಿಸಿದಳು. ಮುಳ್ಳು ನಿಂತಿತು. ಅಟ್ಟಕ್ಕೆ ಅಟ್ಟವೇ ಕಿವಿಗೊಟ್ಟ ಹಾಗೆ ಮೌನ. ಮತ್ತೆ ಮೊದಲಿನ ಹಾಗೆ ಕೊಟ್ಟಳು. ಟಿಕ್, ಟಿಕ್. ಆಮೇಲೆ ಒಂದು ಪಟ್ಟಿ ಹೊರಗೆಳೆದು ಬೆಳಕಿಗೆ ಹಿಡಿದಳು. ನೀರಿನಲ್ಲಿದ್ದಷ್ಟು ಭಾಗ ಮಂಕಾಗಿ, ಅಂಚೆಲ್ಲ ಇಲಿ ಕಚ್ಚಿದ ಹಾಗೆ ಸವೆದಿತ್ತು. ತಾಮ್ರ ಹಾಕಿದ ಹಾಗೇ ಇತ್ತು. "ಕಳೆದುಕೊಳ್ತಿರೋದು ಯಾರಮ್ಮ?" "ಸತು" ಅಂದೆ. "ಕಳೆದುಕೊಂಡ್ರೆ?" "ಆಕ್ಸಿಡೇಶನ್." "ಆಕ್ಸಿಡೇಶನ್ ಆಗೋ ಕಡೆ?" "...ಆನೋಡು." "ಸೆಲ್ಲಿನಲ್ಲಿ ಆನೋಡು ಮೈನಸ್ಸಮ್ಮ. ನೀನು ಹೇಳಿದ್ದು ಬೆಳ್ಳಿ ನೀರು ಕುಡಿಸೋ ಲೆಕ್ಕ. ಅಲ್ಲಿ ನಾವು ಕರೆಂಟು ಕೊಡೋದು, ಇಲ್ಲಿ ಅದೇ ನಮಗೆ ಕೊಡೋದು." ಮೂವತ್ತು ವರ್ಷದ ಹಿಂದೆ ನನ್ನ ಉತ್ತರ ಪತ್ರಿಕೆಯಲ್ಲಿ ಅಡ್ಡಗೆರೆ ಅಳಿಸಿದ್ದು ನನಗೆ ಸ್ಪಷ್ಟವಾಗಿ ನೆನಪಾಯಿತು. ಎಂಜಲು ಹಚ್ಚಿ, ಬೆರಳಿನಿಂದ.

"ಹೋಳಿಗೆ?" ಅಂದೆ. "ನಾಲ್ಕೂ ಚೆನ್ನಾಗಿದ್ವು" ಅಂದಳು. ಆಮೇಲೆ ಎಲ್ಲೋ ನೋಡುತ್ತ, "ಅಮ್ಮ, ಗಡಿಯಾರದ ಹಿಂದೆ ಏನೋ ಅಂಟಿಸಿದ್ದಾರೆ. ನಾನೇನು ಬಿಚ್ಚಿ ಓದಿಲ್ಲಪ್ಪ" ಅಂದಳು.

ಬಿಚ್ಚಿ ಓದಿದವರು ಮಾತ್ರ ಹಾಗೆ ಹೇಳುತ್ತಾರೆ. ಗಡಿಯಾರ ತಿರುಗಿಸಿದೆ. ಎಡಗಡೆಯ ಅಂಚಿಗೆ, ಎಂಟು ಮಡಿಕೆ ಮಾಡಿದ ದಪ್ಪ ಕಾಗದವೊಂದನ್ನು ಅನ್ನದ ಅಗುಳು ಹಾಕಿ ಅಂಟಿಸಿದ್ದರು, ವಾಲದ ಹಾಗೆ ಆನಿಕೆಗೆ. ಒಂದು ಮೂಲೆ ಹೊಸದಾಗಿ ಎದ್ದಿತ್ತು. ಬಿಡಿಸಿದೆ. ಕನ್ನಡ ಎಂಬತ್ತಾರು. ಕೆಮಿಸ್ಟ್ರಿ ಇಪ್ಪತ್ತೆಂಟು. ಆ ಇಪ್ಪತ್ತೆಂಟರ ಕೆಳಗೆ, ತೊಲೆಯ ಮೇಲಿದ್ದಂಥದೇ, ಬೆರಳಗಲದ ಒಂದು ವಿಭೂತಿಯ ಗೆರೆ.

ಅಕ್ಷರ ಬಾರದವರು, ಅಂಕಿ ಬಲ್ಲವರು. ಹೂಂ ಕಣವ್ವ, ಗಡಿಯಾರ ನೆಟ್ಟಗದೆ ನೋಡು. ಅಷ್ಟು ವರ್ಷ ಅವರು ಹೇಳುತ್ತಲೇ ಇದ್ದರು, ನಾನು ಕೇಳುತ್ತಲೇ ಇದ್ದೆ. ಈ ಮಾತನ್ನು ಮಗಳಿಗೆ ಹೇಳಲು ಬಾಯಿ ಬರಲಿಲ್ಲ. ಡ್ರಾಯರಿನ ಕತೆಯನ್ನಷ್ಟೇ ಹೇಳಿದೆ. ಅರ್ಜಿ, ದಿಂಬಿನ ಕವರು, ದಾಟಿಹೋದ ದಿನಾಂಕ. "ಫೇಲಾಗಿದ್ದಕ್ಕಲ್ಲ ಕಣೇ, ಮತ್ತೆ ಕೂರಲಿಲ್ಲವಲ್ಲ, ಅದು ಈಗಲೂ ಕಚ್ಚುತ್ತೆ" ಅಂದೆ. ಅವಳು ಉಳಿದ ತಂತಿಯನ್ನು ಕೈಗೆ ಸುತ್ತಿಕೊಂಡಳು. "ಬರೀತೀನಿ ಬಿಡಮ್ಮ" ಅಂದಳು. "ಎಡಗಡೆಗೆ ನಿನ್ನದೊಂದು ಕಾಗದ ಸಾಕು. ಬಲಗಡೆಗೆ ನನ್ನದೂ ಸೇರಿದ್ರೆ ಗಡಿಯಾರ ಗೋಡೆ ಬಿಟ್ಟು ಮುಂದಕ್ಕೆ ಬರುತ್ತೆ."

ಉಳಿದ ಒಂಬತ್ತು ದಿನ ಪಾಠ ಮುಂದುವರಿಯಿತು. ಅವಳು ಹೇಳುವುದು, ನಾನು ತಪ್ಪುವುದು. ತೂತಾದ ಆರು ಕಾಯಿಗೆ ನಮ್ಮ ಮನೆಯವರು ಮೂರು ದಿನ ಶೋಕ ಆಚರಿಸಿದರು. ಸತು ಕರಗಿದ ಕಾಯಿ, ತಿನ್ನಬಾರದು ಅಂತ ಸಿಂಚನ ಹೇಳಿದ್ದರಿಂದ ತೆಂಗಿನ ಬುಡದ ಗುಂಡಿಗೆ ಹಾಕಿ ಮುಚ್ಚಿದೆವು. ನಮ್ಮ ಮನೆಯವರೇ ಗಡಿಯಾರಕ್ಕೆ ಹೊಸ ಸೆಲ್ಲು ಹಾಕಿ ಹಳೇ ಮೊಳೆಗೇ ನೇತುಹಾಕಿದರು. ಎಡಕ್ಕೆ ವಾಲಿತು. ನಾನೇ ಸುಮ್ಮನೆ ಹೋಗಿ ಅಂಕಪಟ್ಟಿಯನ್ನು ಅದೇ ಮಡಿಕೆಗಳಲ್ಲಿ ಮಡಿಸಿ, ಎರಡು ಅಗುಳು ಹಚ್ಚಿ, ಇದ್ದಲ್ಲೇ ಸಿಕ್ಕಿಸಿದೆ.

ಫಲಿತಾಂಶ ಬಂತು. ಸಿಂಚನ ಪಾಸು. ಸುದ್ದಿ ಕೇಳಿ ತುರುವೇಕೆರೆಯಿಂದ ನಮ್ಮ ಮನೆಯವರ ಅಕ್ಕ ಹೂವು ಹಣ್ಣು ಹಿಡಿದು ಬಂದರು. ನಡುಮನೆಯಲ್ಲಿ ಕೂತು, "ಕೆಮಿಸ್ಟ್ರಿ ಬಲು ಕಷ್ಟ ಅಂತಾರೆ, ಅದು ಹೆಂಗೆ ಗೆದ್ದಳೋ ಹುಡುಗಿ" ಅಂದರು. ನಾಲಿಗೆಗೆ ಇಪ್ಪತ್ತೈದು ವರ್ಷದ ಅಭ್ಯಾಸ, ನಾನು ತಡೆಯುವ ಮೊದಲೇ ಜಾರಿತು. "ನನ್ನ ಮಗಳಲ್ವಾ ಅಕ್ಕ? ನಾನೂ ಸೈನ್ಸ್ ಮುಗಿಸಿದವಳೇ. ಮದುವೆ ಒಂದು ಆಗದೇ ಇದ್ದಿದ್ರೆ..."

ಟೀ ತಟ್ಟೆ ಹಿಡಿದು ಬರುತ್ತಿದ್ದ ಸಿಂಚನ ನಿಂತಳು. ಗೋಡೆಯ ಕಡೆ ನೋಡಿದಳು. "ಹೂಂ ಕಣವ್ವ" ಅಂದಳು. "ಗಡಿಯಾರ ನೆಟ್ಟಗದೆ ನೋಡು."

ಹುಟ್ಟಿದಾಗಿನಿಂದ ನನ್ನನ್ನು ಅಮ್ಮ ಬಿಟ್ಟು ಬೇರೆ ಏನೂ ಕರೆದವಳಲ್ಲ. ಆ ಮಾತನ್ನು ನಾನು ಅವಳಿಗೆ ಹೇಳಿರಲೂ ಇಲ್ಲ. "ಏನಂದೆ?" ಅಂದೆ. "ಏನಿಲ್ಲಮ್ಮ, ಸುಮ್ನೆ ಬಾಯಿಗೆ ಬಂತು" ಅಂತ ಟೀ ಇಟ್ಟು ಒಳಗೆ ಹೋದಳು. ಫ್ಯಾನು ಜೋರಾಗಿ ತಿರುಗುತ್ತಿತ್ತು. ಆದರೂ ನನಗೆ ಟಿಕ್ ಟಿಕ್ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಇನ್ನು ತಡೆಯುವುದಾಗದೆ ಅತ್ತಿಗೆಯ ಕಡೆ ತಿರುಗಿ ಹೇಳಿಯೇಬಿಟ್ಟೆ. "ಅಕ್ಕ, ನಿಜ ಹೇಳ್ತೀನಿ. ಕೆಮಿಸ್ಟ್ರಿಯಲ್ಲಿ ನಂಗೆ ಇಪ್ಪತ್ತೆಂಟು ಬಂದಿತ್ತು. ನಾನು ಫೇಲು."

ಅವರು ಟೀ ಆರಿಸಿಕೊಂಡು ಒಂದು ಗುಟುಕು ಕುಡಿದರು. "ಗೊತ್ತು ಕಣಮ್ಮ" ಅಂದರು. "ನಿನ್ನ ಮದ್ವೆ ಆದ ವರ್ಷಾನೇ ಅವ್ವ ಹೇಳಿದ್ರು. ಎಲ್ರಿಗೂ ಗೊತ್ತು."

ಇಪ್ಪತ್ತೈದು ವರ್ಷ ನಾನು ಬಡಿಸಿದ ಉಪ್ಪಿನಕಾಯಿಯನ್ನು ಈ ಮನೆಯವರೆಲ್ಲ ಒಮ್ಮೆಯೂ ಮುಖ ಕಿವುಚದೆ ತಿಂದಿದ್ದಾರೆ.